ಪಾಠ ಅರ್ಥವಾಗುತ್ತದೆ, ಪ್ರೋಗ್ರಾಮ್ ಬರೆಯಲು ಕುಳಿತರೆ ಏನೂ ಹೊಳೆಯುವುದಿಲ್ಲ: ಕಂಪ್ಯೂಟರ್ ಸೈನ್ಸ್ ಪದವಿ ಓದಿದವರು ದಯವಿಟ್ಟು ಅನುಭವ ಹಂಚಿಕೊಳ್ಳಿ

ಕೇಳಿದವರು, ಮೊದಲ ವರ್ಷದ ವಿದ್ಯಾರ್ಥಿ:

ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರಿ ಈಗ ಎರಡನೆಯ ಸೆಮಿಸ್ಟರ್ ನಡೆಯುತ್ತಿದೆ. ಇದಕ್ಕೆ ಮೊದಲು ನಾನು ಒಂದು ಪ್ರೋಗ್ರಾಮನ್ನೂ ಬರೆದವನಲ್ಲ. ತರಗತಿಯಲ್ಲಿ ಕೇಳುವಾಗ ಎಲ್ಲವೂ ತಿಳಿದಂತೆಯೇ ಅನಿಸುತ್ತದೆ, ಆದರೆ ಲ್ಯಾಬಿನಲ್ಲಿ ಖಾಲಿ ಪರದೆಯ ಮುಂದೆ ಕುಳಿತಾಗ ಮೊದಲ ಸಾಲು ಕೂಡ ಹೊಳೆಯುವುದಿಲ್ಲ. ಶಾಲೆಯಿಂದಲೇ ಪ್ರೋಗ್ರಾಮ್ ಬರೆಯುತ್ತಾ ಬಂದ ಕೆಲವು ಸಹಪಾಠಿಗಳು ನಾನು ಪ್ರಶ್ನೆಯನ್ನು ಓದಿ ಮುಗಿಸುವಷ್ಟರಲ್ಲಿ ಉತ್ತರ ಬರೆದು ಎದ್ದಿರುತ್ತಾರೆ. ಬಿಡಿ ಬಿಡಿ ಸಂಖ್ಯೆಗಳನ್ನೂ ತರ್ಕವನ್ನೂ ಕಲಿಸುವ ಡಿಸ್ಕ್ರೀಟ್ ಗಣಿತಕ್ಕೂ ಈ ಓದಿಗೂ ಏನು ಸಂಬಂಧವೆಂಬುದೂ ಗೊತ್ತಾಗುತ್ತಿಲ್ಲ. ಅಸೈನ್‌ಮೆಂಟುಗಳನ್ನು ಎಐ ಸಹಾಯಕದಿಂದ ಬರೆಸಿಕೊಂಡರೆ ಅಂಕಗಳೇನೋ ಬರುತ್ತವೆ, ಆದರೆ ಮುಂದಿನ ವಾರ ಅದೇ ಪ್ರೋಗ್ರಾಮ್ ನನಗೇ ಅಪರಿಚಿತವಾಗಿರುತ್ತದೆ. ಈ ಹಂತವನ್ನು ದಾಟಿದವರು ಹೇಗೆ ದಾಟಿದಿರಿ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ.

ಪದವಿ ಮುಗಿಸಿ ಹನ್ನೆರಡು ವರ್ಷಗಳಿಂದ ಸಾಫ್ಟ್‌ವೇರ್ ಬರೆಯುತ್ತಿರುವವರು:

ನಿಮ್ಮ ಪತ್ರವನ್ನು ಓದಿದಾಗ ನನ್ನ ಮೊದಲ ವರ್ಷದ ಒಂದು ಮಧ್ಯಾಹ್ನ ನೆನಪಾಯಿತು. ಒಂದು ಅರೇಯನ್ನು, ಅಂದರೆ ಸಾಲಾಗಿ ಜೋಡಿಸಿದ ಮನೆಗಳಲ್ಲಿರುವ ಸಂಖ್ಯೆಗಳನ್ನು, ಹಿಂದುಮುಂದಾಗಿ ತಿರುಗಿಸುವ ಪ್ರೋಗ್ರಾಮ್ ಬರೆಯಬೇಕಿತ್ತು. ಮೊದಲ ಮನೆಯಲ್ಲಿರುವುದನ್ನು ಕೊನೆಯ ಮನೆಗೂ ಎರಡನೆಯದನ್ನು ಕೊನೆಯಿಂದ ಎರಡನೆಯದಕ್ಕೂ ಅದಲುಬದಲು ಮಾಡುತ್ತಾ ಹೋದರಾಯಿತು ಎಂದುಕೊಂಡು, ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಲೂಪ್ ಬರೆದೆ. 3, 7, 1, 9 ಎಂದು ಕೊಟ್ಟರೆ 3, 7, 1, 9 ಎಂದೇ ಮರಳಿ ಬಂತು. ನನ್ನ ಲೂಪ್ ಓಡುತ್ತಲೇ ಇಲ್ಲವೆಂದು ಭಾವಿಸಿ ಒಂದು ಗಂಟೆ ಕಾಲ ಒಂದನ್ನು ಕೂಡಿಸಿ, ಒಂದನ್ನು ಕಳೆದು, ಚಿಹ್ನೆಗಳನ್ನು ಬದಲಿಸಿ ಹೆಣಗಾಡಿದೆ. ಲ್ಯಾಬಿನ ಬೋಧಕರು ಬಂದು ನೋಡಿದರು. ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ, ಕಾಗದದ ಮೇಲೆ ನಾಲ್ಕು ಚೌಕ ಬರೆದು ಲೂಪಿನ ಪ್ರತಿಯೊಂದು ಸುತ್ತನ್ನೂ ಕೈಯಲ್ಲೇ ನಡೆಸಿ ತೋರಿಸು ಎಂದರು. ಮೊದಲ ಸುತ್ತಿಗೆ 9, 7, 1, 3 ಆಯಿತು. ಎರಡನೆಯದಕ್ಕೆ 9, 1, 7, 3. ಬೇಕಾದ ಉತ್ತರ ಅಲ್ಲಿಗೇ ಸಿಕ್ಕಿತ್ತು. ನನ್ನ ಲೂಪ್ ಮಾತ್ರ ನಿಲ್ಲದೆ ಮೂರನೆಯ ಮತ್ತು ನಾಲ್ಕನೆಯ ಸುತ್ತಿನಲ್ಲಿ ಅದೇ ಜೋಡಿಗಳನ್ನು ಮತ್ತೊಮ್ಮೆ ಅದಲುಬದಲು ಮಾಡಿ, ತಿರುಗಿಸಿದ್ದನ್ನೆಲ್ಲ ಶ್ರದ್ಧೆಯಿಂದ ಮೊದಲಿನಂತೆಯೇ ಜೋಡಿಸಿಟ್ಟಿತ್ತು. ಅರ್ಧ ದೂರ ಹೋಗಿ ನಿಂತಿದ್ದರೆ ಸಾಕಾಗಿತ್ತು.

ಆ ದಿನದಿಂದ ನಾನು ಒಂದು ನಿಯಮವನ್ನು ಇಟ್ಟುಕೊಂಡೆ: ಯಾವ ಪ್ರೋಗ್ರಾಮನ್ನೇ ಆಗಲಿ ಓಡಿಸುವ ಮೊದಲು, ಅದು ಏನನ್ನು ಮುದ್ರಿಸುತ್ತದೆ ಎಂಬ ನನ್ನ ಊಹೆಯನ್ನು ಪೆನ್ಸಿಲಿನಲ್ಲಿ ಬರೆದಿಡಬೇಕು. ಊಹೆ ತಪ್ಪಿದಾಗ, ಯಂತ್ರ ಮಾಡುತ್ತಿರುವುದಕ್ಕೂ ಅದು ಮಾಡುತ್ತಿದೆಯೆಂದು ನಾನು ನಂಬಿದ್ದಕ್ಕೂ ಯಾವ ಸಾಲಿನಲ್ಲಿ ದಾರಿ ಬೇರೆಯಾಯಿತೆಂದು ಹುಡುಕಬೇಕು. ಡ್ರೈ ರನ್ ಎಂದು ಎಲ್ಲ ತರಗತಿಗಳಲ್ಲೂ ಇದನ್ನು ಹೇಳಿಕೊಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಬಹುತೇಕರು ಬಿಟ್ಟುಬಿಡುತ್ತಾರೆ. ಖಾಲಿ ಪರದೆಯ ತೊಂದರೆಗೂ ನನಗೆ ಇದೇ ಔಷಧವಾಯಿತು. ಪರದೆಯ ಮುಂದೆ ಏನೂ ಹೊಳೆಯದಿದ್ದಾಗ ನಾನು ಭಾಷೆಯನ್ನು ಮರೆತು, ಚಿಕ್ಕದೊಂದು ಉದಾಹರಣೆಯನ್ನು ಕಾಗದದ ಮೇಲೆ ಕೈಯಿಂದಲೇ ಬಿಡಿಸಿ, ನನ್ನ ಕೈ ಯಾವ ಕೆಲಸವನ್ನು ಮತ್ತೆ ಮತ್ತೆ ಮಾಡಿತು ಎಂದು ಗಮನಿಸುತ್ತಿದ್ದೆ. ಆ ಮರುಕಳಿಕೆಯೇ ಲೂಪ್ ಆಗುತ್ತಿತ್ತು.

ಮೊದಲೇ ಕಲಿತು ಬಂದ ಸಹಪಾಠಿಗಳ ಬಗ್ಗೆ ಹೆಚ್ಚು ಯೋಚಿಸಬೇಡಿ. ಅವರಿಗೆ ಸದ್ಯ ಇರುವ ಮುನ್ನಡೆ ಬಹುಮಟ್ಟಿಗೆ ಒಂದು ಭಾಷೆಯ ಬಳಕೆಯಲ್ಲಿ ಮಾತ್ರ. ನಮ್ಮ ತರಗತಿಯಲ್ಲಿ ಡೇಟಾ ಸ್ಟ್ರಕ್ಚರ್ ಎಂಬ ವಿಷಯ ಮುಗಿದು ಆಪರೇಟಿಂಗ್ ಸಿಸ್ಟಮ್ ಪಾಠ ಬರುವಷ್ಟರಲ್ಲಿ ಯಾರು ಮೊದಲೇ ಕಲಿತಿದ್ದರು ಎಂಬುದು ನೆನಪಿನಲ್ಲೂ ಉಳಿದಿರಲಿಲ್ಲ. ಅನುಭವಿಗಳೂ ತಪ್ಪುತ್ತಾರೆ ಎಂಬುದಕ್ಕೆ, ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಬಾರಿ ಅರ್ಧಕ್ಕಿಳಿಸುತ್ತಾ ಹುಡುಕುವ ಬೈನರಿ ಸರ್ಚ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಜಾವಾ ಭಾಷೆಯ ಜೊತೆಗೇ ಬರುವ ಸಿದ್ಧ ಪ್ರೋಗ್ರಾಮುಗಳ ಲೈಬ್ರರಿಯಲ್ಲಿದ್ದ ಬೈನರಿ ಸರ್ಚ್‌ನಲ್ಲಿ ವರ್ಷಗಟ್ಟಲೆ ಅಡಗಿದ್ದ ಒಂದು ದೋಷವನ್ನು 2006ರಲ್ಲಿ ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರೇ ವಿವರಿಸಿ ಪ್ರಕಟಿಸಿದರು. ನಡುವಿನ ಸ್ಥಾನವನ್ನು ಕಂಡುಹಿಡಿಯಲು ಎರಡು ತುದಿಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದನ್ನು ನಾವೆಲ್ಲರೂ ಕಲಿತಿದ್ದೇವೆ. ಅರೇ ನೂರು ಕೋಟಿ ಮನೆಗಳನ್ನು ಮೀರಿ ಬೆಳೆದಾಗ ಆ ಮೊತ್ತ 32 ಬಿಟ್ ಪೂರ್ಣಾಂಕದ ಮಿತಿಯಾದ 2147483647 ಅನ್ನು ದಾಟಿ ಋಣ ಸಂಖ್ಯೆಯಾಗಿಬಿಡುತ್ತದೆ. ತುದಿಗಳ ವ್ಯತ್ಯಾಸದ ಅರ್ಧವನ್ನು ಎಡತುದಿಗೆ ಕೂಡಿಸಿದರೆ ಆ ತೊಂದರೆ ಬರುವುದಿಲ್ಲ.

ಅಂತಿಮ ವರ್ಷದ ವಿದ್ಯಾರ್ಥಿನಿ:

ಗಣಿತದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನಾನೂ ಅದನ್ನು ಒಂದು ವರ್ಷ ಬೈದುಕೊಂಡೇ ಓದಿದವಳು. ಮೊದಲ ಸಂಖ್ಯೆಗೆ ನಿಜವೆಂದು ತೋರಿಸಿ, ಒಂದಕ್ಕೆ ನಿಜವಾದರೆ ಮುಂದಿನದಕ್ಕೂ ನಿಜವೆಂದು ಸಾಧಿಸುವ ಗಣಿತಾನುಗಮನವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಪ್ರೋಗ್ರಾಮಿನ ಒಂದು ತುಂಡು (ಫಂಕ್ಷನ್) ತನ್ನನ್ನು ತಾನೇ ಕರೆಯುವ ರಿಕರ್ಷನ್ ಬಂದಾಗ ಎರಡೂ ಒಂದೇ ಎಂದು ಯಾರೂ ಹೇಳಲಿಲ್ಲ, ಅಥವಾ ಹೇಳಿದಾಗ ನಾನು ಕೇಳಿಸಿಕೊಂಡಿರಲಿಲ್ಲ. ಹಿಂದಿನ ಎರಡು ಸಂಖ್ಯೆಗಳ ಮೊತ್ತವೇ ಮುಂದಿನ ಸಂಖ್ಯೆಯಾಗುವ ಫಿಬೊನಾಚಿ ಸರಣಿಯ 40ನೆಯ ಸಂಖ್ಯೆಯನ್ನು ರಿಕರ್ಷನ್‌ನಿಂದ ಕಂಡುಹಿಡಿಯುವ ನಾಲ್ಕು ಸಾಲಿನ ಫಂಕ್ಷನ್ ಬರೆದು ಓಡಿಸಿದಾಗ ಉತ್ತರ ಬರಲು ಎಷ್ಟು ಹೊತ್ತಾಯಿತೆಂದರೆ, ಯಂತ್ರವೇ ಕೆಟ್ಟಿದೆ ಎಂದುಕೊಂಡೆ. ಆ ಫಂಕ್ಷನ್ ತನ್ನನ್ನು ತಾನೇ ಎಷ್ಟು ಬಾರಿ ಕರೆಯುತ್ತದೆ ಎಂದು ಚಿಕ್ಕ ಸಂಖ್ಯೆಗಳಿಗೆ ಎಣಿಸುತ್ತಾ ಹೋದೆ. ಮುಂದಿನ ಫಿಬೊನಾಚಿ ಸಂಖ್ಯೆಯನ್ನು ಇಮ್ಮಡಿಸಿ ಒಂದನ್ನು ಕಳೆದಷ್ಟು ಬಾರಿ ಎಂಬ ಸೂತ್ರ ಸಿಕ್ಕಿತು, ಮತ್ತು ಅದನ್ನು ಸಾಧಿಸಲು ಬೇಕಾದದ್ದು ನಾನು ಬೈದಿದ್ದ ಅದೇ ಅನುಗಮನ. 40ಕ್ಕೆ ಲೆಕ್ಕ ಹಾಕಿದರೆ 33,11,60,281 ಕರೆಗಳು. ಒಮ್ಮೆ ಕಂಡುಹಿಡಿದ ಉತ್ತರಗಳನ್ನು ಒಂದು ಪಟ್ಟಿಯಲ್ಲಿ ಉಳಿಸಿಕೊಳ್ಳುವಂತೆ ಎರಡು ಸಾಲು ಸೇರಿಸಿದ ಮೇಲೆ ಅವು 79ಕ್ಕೆ ಇಳಿದವು.

ಬಿಂದುಗಳು ಮತ್ತು ಅವುಗಳ ನಡುವಿನ ಕೊಂಡಿಗಳ ಗಣಿತವಾದ ಗ್ರಾಫ್ ಸಿದ್ಧಾಂತಕ್ಕೂ ತಾಳ್ಮೆಯಿರಲಿ. ನಕ್ಷೆಯಲ್ಲಿ ಹತ್ತಿರದ ದಾರಿಯನ್ನು ಹುಡುಕಲು ಇಂದಿಗೂ ಆಧಾರವಾಗಿರುವ ವಿಧಾನವನ್ನು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ್ದು ಮೂರು ಪುಟದ ಬರಹವೊಂದರಲ್ಲಿ.

ಪ್ರೋಗ್ರಾಮಿಂಗ್ ಲ್ಯಾಬ್ ನಡೆಸುವ ಬೋಧಕರು:

ಎಐ ಸಹಾಯಕವನ್ನು ಮುಟ್ಟಲೇಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ. ಮೌಖಿಕ ಪರೀಕ್ಷೆಯಲ್ಲಿ ನಾನು ಒಂದೇ ಒಂದು ಪ್ರಶ್ನೆಯನ್ನು ಕೇಳುತ್ತೇನೆ. ಪ್ರತಿ ಕೊಂಡಿಯೂ ಮುಂದಿನದನ್ನು ತೋರಿಸುವ ಸರಪಳಿಯಂತಹ ಲಿಂಕ್ಡ್ ಲಿಸ್ಟ್‌ನಿಂದ ಒಂದು ನೋಡ್ (ಕೊಂಡಿ) ಅಳಿಸುವ ಪ್ರೋಗ್ರಾಮನ್ನು ಅಚ್ಚುಕಟ್ಟಾಗಿ ಬರೆದು ತಂದಿದ್ದ ವಿದ್ಯಾರ್ಥಿಯೊಬ್ಬರಿಗೆ, ಅಳಿಸಬೇಕಾದದ್ದು ಮೊದಲನೆಯ ನೋಡ್ ಆಗಿದ್ದರೆ ಇದರಲ್ಲಿ ಯಾವ ಸಾಲು ಕೆಲಸ ಮಾಡುತ್ತದೆ ಎಂದು ಕೇಳಿದೆ. ಸರಿಯಾದ ಸಾಲು ಅವರ ಕಣ್ಣೆದುರಿಗೇ ಇತ್ತು, ಆದರೆ ಬೆರಳು ಎಲ್ಲಿಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ನೀವು ಮುಂದಿನ ವಾರ ಪ್ರೋಗ್ರಾಮ್ ಅಪರಿಚಿತವಾಗುತ್ತದೆ ಎಂದಿರಿ; ಅದು ಮೊದಲ ದಿನವೂ ಪರಿಚಿತವಾಗಿರಲಿಲ್ಲ ಎಂಬುದೇ ನಿಜ.

ಆದ್ದರಿಂದ ಮೊದಲು ತಪ್ಪೋ ಸರಿಯೋ ನೀವೇ ಬರೆಯಿರಿ. ಒಂದು ಗಂಟೆ ಪ್ರಯತ್ನಿಸಿಯೂ ದಾರಿ ಕಾಣದಿದ್ದರೆ, ಪ್ರೋಗ್ರಾಮ್ ಬರೆದುಕೊಡು ಎಂದು ಕೇಳುವ ಬದಲು ನಿಮ್ಮ ಪ್ರೋಗ್ರಾಮಿನ ಯಾವ ಊಹೆ ತಪ್ಪಿದೆ ಎಂದು ಕೇಳಿ, ನಂತರ ಆ ಉತ್ತರವನ್ನು ಮುಚ್ಚಿಟ್ಟು ಮತ್ತೆ ಬರೆಯಿರಿ. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ನಲವತ್ತು ದೋಷಗಳನ್ನು ತೋರಿಸಿದಾಗ ಗಾಬರಿಯಾಗದೆ ಮೊದಲನೆಯದನ್ನಷ್ಟೇ ಸರಿಪಡಿಸಿ ಮತ್ತೆ ಕಂಪೈಲ್ ಮಾಡಿ, ಏಕೆಂದರೆ ಉಳಿದವುಗಳಲ್ಲಿ ಹೆಚ್ಚಿನವು ಅದರ ಸಂತಾನವಾಗಿರುತ್ತವೆ. ಸಿ ಭಾಷೆಯಲ್ಲಿ ಸೆಮಿಕೋಲನ್ ಬಿಟ್ಟುಹೋದರೆ ಕೆಲವೊಮ್ಮೆ ಕಂಪೈಲರ್ ದೂರುವುದು ಅದರ ಮುಂದಿನ ಸಾಲನ್ನು, ಹಾಗಾಗಿ ಒಂದು ಸಾಲು ಮೇಲಕ್ಕೂ ಕಣ್ಣು ಹಾಯಿಸಿ.

ಪದವಿಯ ನಂತರ ಸರ್ವರ್ ತಂಡದಲ್ಲಿ ಕೆಲಸ ಮಾಡುತ್ತಿರುವವರು:

ಮೊದಲ ಉತ್ತರಕ್ಕೆ ಒಂದು ಸಣ್ಣ ತಕರಾರಿದೆ. ಕಾಗದದ ಮೇಲೆ ಸಾಲು ಸಾಲಾಗಿ ನಡೆಸಿ ನೋಡುವಾಗ, ಒಂದು ಸಾಲು ಮುಗಿದ ಮೇಲೆಯೇ ಇನ್ನೊಂದು ನಡೆಯುತ್ತದೆ ಎಂದು ಒಪ್ಪಿಕೊಂಡಿರುತ್ತೇವೆ. ಥ್ರೆಡ್‌ಗಳು ಬಂದಾಗ, ಅಂದರೆ ಒಂದೇ ಪ್ರೋಗ್ರಾಮಿನ ಹಲವು ಭಾಗಗಳು ಏಕಕಾಲದಲ್ಲಿ ಓಡುವಾಗ, ಆ ಒಪ್ಪಂದ ಮುರಿಯುತ್ತದೆ. ಒಂದೇ ಎಣಿಕೆಯನ್ನು ಎರಡು ಥ್ರೆಡ್‌ಗಳು ತಲಾ ಒಂದು ಲಕ್ಷ ಬಾರಿ ಹೆಚ್ಚಿಸುವ ಪ್ರೋಗ್ರಾಮನ್ನು ಬರೆದು, ಕೊನೆಗೆ 2,00,000 ಬರಲೇಬೇಕೆಂದು ನಾನು ನಂಬಿದ್ದೆ. ಪ್ರತಿ ಬಾರಿ ಓಡಿಸಿದಾಗಲೂ ಅದಕ್ಕಿಂತ ಕಡಿಮೆಯ ಬೇರೆ ಬೇರೆ ಸಂಖ್ಯೆ ಬಂತು. ಎಣಿಕೆಯನ್ನು ಹೆಚ್ಚಿಸುವ ಆ ಒಂದು ಸಾಲು ಯಂತ್ರಕ್ಕೆ ಓದುವುದು, ಕೂಡಿಸುವುದು, ಮರಳಿ ಬರೆಯುವುದು ಎಂಬ ಮೂರು ಕೆಲಸವಾಗಿತ್ತು. ಎರಡೂ ಥ್ರೆಡ್‌ಗಳು 17 ಎಂದು ಓದಿ ಎರಡೂ 18 ಎಂದು ಬರೆದರೆ ಒಂದು ಹೆಚ್ಚಳ ಕಳೆದುಹೋಗುತ್ತದೆ. ಕಾಗದವನ್ನು ಬಿಡಬೇಕಿಲ್ಲ, ಎರಡು ಕಂಬಸಾಲು ಎಳೆದು ಯಾವುದು ಯಾವುದರ ನಡುವೆ ನುಸುಳಬಹುದು ಎಂದು ಬರೆಯಬೇಕು. ನಾನು, ಒಂದು ಥ್ರೆಡ್ ಮುಗಿಸುವವರೆಗೆ ಇನ್ನೊಂದನ್ನು ತಡೆದು ನಿಲ್ಲಿಸುವ ಲಾಕ್‌ಗಳನ್ನು ಅರ್ಥಮಾಡಿಕೊಂಡದ್ದು ಹಾಗೆ.

ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ಮಾತು: ಪ್ರೋಗ್ರಾಮಿನ ಹಳೆಯ ಆವೃತ್ತಿಗಳನ್ನೆಲ್ಲ ಉಳಿಸಿಡುವ ಗಿಟ್ ಬಳಸುವುದನ್ನು ಇಂದೇ ಕಲಿಯಿರಿ. ನಮ್ಮ ಕೊನೆಯ ವರ್ಷದ ಪ್ರಾಜೆಕ್ಟನ್ನು ನಾವು ಮೂವರು 'ಕೊನೆಯದು', 'ನಿಜವಾದ ಕೊನೆಯದು' ಎಂಬ ಹೆಸರಿನ ಫೋಲ್ಡರುಗಳಲ್ಲಿ ಇಟ್ಟುಕೊಂಡು, ಸಲ್ಲಿಸುವ ಹಿಂದಿನ ರಾತ್ರಿ ತಪ್ಪಾದುದರ ಮೇಲೆ ಸರಿಯಾದುದನ್ನು ಉಳಿಸುವ ಬದಲು ಸರಿಯಾದುದರ ಮೇಲೆ ತಪ್ಪಾದುದನ್ನು ಉಳಿಸಿದೆವು.

ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಅರೇ ತಿರುಗಿಸುವ ಪ್ರೋಗ್ರಾಮನ್ನು ನಿನ್ನೆ ಯಾರ ಸಹಾಯವೂ ಇಲ್ಲದೆ ಬರೆದೆ, ಓಡಿಸುವ ಮೊದಲೇ ಊಹೆಯನ್ನೂ ಬರೆದಿಟ್ಟೆ. ನಾಲ್ಕು ಮನೆಗಳಿಗೆ ಊಹೆ ಸರಿಯಾಯಿತು. ಐದು ಮನೆಗಳಿದ್ದರೆ ಲೂಪ್ ಮೂರು ಸುತ್ತು ಓಡಬೇಕು ಎಂದು ಬರೆದಿದ್ದೆ, ಆದರೆ ಅದು ಎರಡೇ ಸುತ್ತಿಗೆ ನಿಂತಿತು, ಉತ್ತರ ಮಾತ್ರ ಸರಿಯಾಗಿಯೇ ಇತ್ತು. ಮತ್ತೆ ಐದು ಚೌಕ ಬರೆದು ನಡೆಸಿದಾಗ, ನಡುವಿನ ಮನೆ ತನ್ನೊಂದಿಗೆ ತಾನೇ ಅದಲುಬದಲಾಗಬೇಕಾದ ಅಗತ್ಯವಿಲ್ಲವೆಂದು ಕಂಡಿತು. ಇನ್ನು ಒಂದೂ ಮನೆಯಿಲ್ಲದ ಖಾಲಿ ಅರೇಯನ್ನು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬರೆದಿದ್ದೇನೆ. ನಾಳೆ ಲ್ಯಾಬಿನಲ್ಲಿ ಓಡಿಸಿ ನೋಡುತ್ತೇನೆ.