ದೆಹಲಿಯ ಬೇಳೆಕಾಳು ಆಫೀಸು ಕಲಬುರಗಿಗೆ ಬಂದರೆ ಉಪಯೋಗ ಆಗುತ್ತಾ?

ತೊಗರಿ ರೈತ, ಕಲಬುರಗಿ:
ಅಮೆರಿಕದಲ್ಲಿ 2019ರಲ್ಲಿ ಕೃಷಿ ಇಲಾಖೆಯ ಎರಡು ಸಂಸ್ಥೆಗಳನ್ನು ವಾಷಿಂಗ್ಟನ್‌ನಿಂದ ಕಾನ್ಸಾಸ್ ಸಿಟಿಗೆ ಕಳಿಸಿದರು. ರೈತರಿಗೆ ಹತ್ತಿರ ಇರಲಿ ಅಂತ ಹೇಳಿದ್ದರು. ಅದನ್ನು ಓದಿದಾಗಿನಿಂದ ತಲೆಯಲ್ಲಿ ಇದೇ ಓಡುತ್ತಿದೆ. ತೊಗರಿ ಬೆಳೆಯೋದು ನಾವು, ಆಮದಿನ ನಿರ್ಧಾರ ಆಗೋದು ದೆಹಲಿಯಲ್ಲಿ. ಬರ್ಮಾದಿಂದಲೋ ಮೊಜಾಂಬಿಕ್‌ನಿಂದಲೋ ಮಾಲು ಬರುತ್ತೆ ಅನ್ನೋ ಸುದ್ದಿ ಬಂದರೆ ಸಾಕು, ಚೀಲ ಇಳಿಸೋಕೆ ಮುಂಚೆನೇ ಎಪಿಎಂಸಿಯಲ್ಲಿ ದರ ಇಳಿದಿರುತ್ತೆ. ಅಂಥ ಆಫೀಸು ಒಂದಾದರೂ ಇಲ್ಲಿಗೆ ಬರಬಾರದಾ?

ಯಾದಗಿರಿಯವ:
ಅಣ್ಣಾ, ಅದೇ ಅಮೆರಿಕದ ಇನ್ನೊಂದು ಕಥೆ ಕೇಳಿ. ಸರ್ಕಾರಿ ಜಮೀನು ನೋಡಿಕೊಳ್ಳುವ ಬಿಎಲ್‌ಎಂ ಕೇಂದ್ರ ಕಚೇರಿಯನ್ನು ಕೊಲರಾಡೊದ ಗ್ರ್ಯಾಂಡ್ ಜಂಕ್ಷನ್‌ಗೆ ಒಯ್ದರು. ವಾಷಿಂಗ್ಟನ್‌ನಿಂದ ಹೊರಗೆ ಹಾಕಿದ 328 ಹುದ್ದೆಗಳಲ್ಲಿ ಊರು ಬಿಟ್ಟು ಹೊರಟವರು 41 ಜನ ಮಾತ್ರ. ಉಳಿದವರು ನಿವೃತ್ತಿ ತಗೊಂಡರು, ಇಲ್ಲ ಬೇರೆ ಕೆಲಸ ಹಿಡಿದರು. 2021ರಲ್ಲಿ ಕೇಂದ್ರ ಕಚೇರಿ ಮತ್ತೆ ವಾಷಿಂಗ್ಟನ್‌ಗೆ ಬಂತು. ನಮ್ಮ ಕಡೆಗೆ ವರ್ಗ ಅಂದರೇ ಶಿಕ್ಷೆ ಅಂತ ತಿಳಿಯೋರು ಎಷ್ಟು ಜನ ಇಲ್ಲ? ನಾನು ಒಂದು ಸಹಿಗೆ ಮೂರು ಸಲ ಹೋದೆ. ಕುರ್ಚಿ ಮೇಲೆ ಟವೆಲ್ ಇತ್ತು, ಸಾಹೇಬರು ಬೆಂಗಳೂರಲ್ಲಿದ್ದರು.

ಕರಿಕೋಟು:
ಆದರೂ ಆಸೆ ಬಿಡಬೇಡಿ. ನಮ್ಮ ಕಲಬುರಗಿಯ ಹೈಕೋರ್ಟ್ ಪೀಠ ನೋಡಿ. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯ್ತು. ಅದಕ್ಕೆ ಮುಂಚೆ ಚಿಂಚೋಳಿ ಕಡೆಯ ನನ್ನ ಕಕ್ಷಿದಾರರೊಬ್ಬರು ಜಮೀನು ಕೇಸಿಗೆ ರಾತ್ರಿ ರೈಲಿಗೆ ಹತ್ತೋರು, ಗಂಟಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಂಗಳೂರಲ್ಲಿ ಇಳಿದು ಕೋರ್ಟಿಗೆ ಹೋದರೆ ಕೇಸು ಮುಂದಕ್ಕೆ, ಸಂಜೆ ಅದೇ ಗಂಟು ಹೊತ್ತು ವಾಪಸ್. ಈಗ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆಗೆ ಮನೆ ಸೇರುತ್ತಾರೆ. ಜಡ್ಜ್ ಇಲ್ಲೇ ಕೂರುತ್ತಾರೆ, ಆದೇಶ ಇಲ್ಲೇ ಆಗುತ್ತೆ. ಬರೀ ಬೋರ್ಡ್ ತಂದು ಹಾಕಿದ್ದರೆ ಈ ಸುಖ ಎಲ್ಲಿತ್ತು?

ಬೀದರ್ ಅಕ್ಕ:
ವಕೀಲರು ಹೇಳಿದ್ದೇ ಮುಖ್ಯ. ದಕ್ಷಿಣ ಕೊರಿಯಾದಲ್ಲಿ 2012ರಿಂದ ಎಷ್ಟೋ ಸಚಿವಾಲಯಗಳು ರಾಜಧಾನಿ ಸೋಲ್‌ನಿಂದ ಸೇಜಾಂಗ್ ಅನ್ನೋ ಹೊಸ ಊರಿಗೆ ಹೋದವು, ಆದರೆ ಸಂಸತ್ತು ಸೋಲ್‌ನಲ್ಲೇ ಉಳೀತು. ಅಧಿಕಾರಿಗಳು ಫೈಲು ಹಿಡಿದು ಓಡಾಡೋದು ತಪ್ಪಲಿಲ್ಲ. ನಮ್ಮ ಬೆಳಗಾವಿ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆ ಆಯ್ತು, ಚಳಿಗಾಲದ ಅಧಿವೇಶನ ಮುಗಿದ ಮೇಲೆ ಅಲ್ಲಿ ಮಂತ್ರಿಗಳು ಸಿಗ್ತಾರಾ? ಸಹಿ ಹಾಕೋ ಅಧಿಕಾರನೂ ಜೊತೆಗೆ ಬರಬೇಕು ರೀ.

ತೊಗರಿ ರೈತ, ಕಲಬುರಗಿ:
ಹೌದು ಅಕ್ಕ, ನಾನು ಕಟ್ಟಡದ ಬಗ್ಗೆನೇ ಯೋಚನೆ ಮಾಡ್ತಿದ್ದೆ. ತೊಗರಿ ಮಂಡಳಿ ಇಲ್ಲೇ ಇದೆ, ಆದರೆ ಆಮದಿನ ಮಾತು ಅದರ ಕೈಯಲ್ಲಿಲ್ಲ. ಹಾಗಾದರೆ ಆಫೀಸಿಗಿಂತ ಮೊದಲು ಇದನ್ನು ಕೇಳ್ತೀನಿ: ಆಮದು ಆದೇಶ ಮಾಡೋ ಮುಂಚೆ ಇಲ್ಲಿನ ರೈತರನ್ನು ಕೂರಿಸಿ ಮಾತಾಡಬೇಕು. ಮನವಿ ಇವತ್ತು ರಾತ್ರಿ ಬರೀತೀನಿ. ವಕೀಲರೇ, ಒಂದು ಸಲ ತಿದ್ದಿ ಕೊಡ್ತೀರಾ?