ಸಹಾಯ ಬೇಕು: ಕಿಡ್ನಿ ಕಸಿ ಅಧ್ಯಯನದ ಸಂಖ್ಯಾಶಾಸ್ತ್ರಕ್ಕೆ

ಎಲ್ಲರಿಗೂ ನಮಸ್ಕಾರ. ಕಿಡ್ನಿ ಕಸಿಯಾದವರ ಹಳೆಯ ಕಡತಗಳಿಂದ ಒಂದು ಅಧ್ಯಯನ ನಡೆಸುತ್ತಿದ್ದೇವೆ. ದೇಹ ಕಸಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಔಷಧದ ಮಟ್ಟ ರಕ್ತದಲ್ಲಿ ಪದೇಪದೇ ಏರಿಳಿಯುವವರಲ್ಲಿ ಕಸಿ ಬೇಗ ಕೈಕೊಡುತ್ತದೆಯೇ ಎಂಬುದು ಪ್ರಶ್ನೆ. ಸರ್ವೈವಲ್ ಅನಾಲಿಸಿಸ್ (ಒಂದು ಘಟನೆಗೆ ಎಷ್ಟು ಕಾಲ ಹಿಡಿಯಿತು ಎಂಬುದರ ಲೆಕ್ಕ) ಚೆನ್ನಾಗಿ ಬಲ್ಲವರ ನೆರವು ಬೇಕು.

ಮೊದಲ 6 ತಿಂಗಳ ರೀಡಿಂಗ್ ಕೈಬಿಟ್ಟಿದ್ದೇವೆ. ಆಗ ವೈದ್ಯರೇ ಡೋಸ್ ಬದಲಿಸುತ್ತಿರುತ್ತಾರೆ. 6ರಿಂದ 12ನೇ ತಿಂಗಳೊಳಗೆ ಕನಿಷ್ಠ 3 ಟ್ರಫ್ ರೀಡಿಂಗ್ (ಮುಂದಿನ ಡೋಸ್‌ಗೆ ಸ್ವಲ್ಪ ಮೊದಲಿನ ಮಟ್ಟ) ಇದ್ದವರನ್ನಷ್ಟೇ ಸೇರಿಸಿ, ಪ್ರತಿ ಮಟ್ಟವನ್ನು ಆಗಿನ ದಿನದ ಒಟ್ಟು ಡೋಸ್‌ನಿಂದ ಭಾಗಿಸಿ, ಅವುಗಳ ಪ್ರಮಾಣ ವಿಚಲನೆಯನ್ನು ಸರಾಸರಿಯ ಶೇಕಡಾವಾರಿನಲ್ಲಿ ತೆಗೆಯುತ್ತಿದ್ದೇವೆ. ಬೆಳಗಿನ ಮಾತ್ರೆ ನುಂಗಿ ಬಂದು ಕೊಟ್ಟ ರಕ್ತದ ರೀಡಿಂಗ್ ಟ್ರಫ್ ಅಲ್ಲ, ಅದು ಹೊರಗೆ. ಶಿಲೀಂಧ್ರ ಸೋಂಕಿಗೆ ಫ್ಲುಕೊನಜೋಲ್ ಔಷಧ ಕೊಟ್ಟ ದಿನಗಳು, ಭೇದಿಯಾದ ದಿನಗಳು ಕೂಡ ಹೊರಗೆ: ಎರಡರಲ್ಲೂ ಮಟ್ಟ ಏರುತ್ತದೆ, ಅದು ಮಾತ್ರೆ ತಪ್ಪಿಸಿದ್ದರ ಗುರುತಲ್ಲ. ಲ್ಯಾಬ್ ಬದಲಾದರೂ ಇದೇ ಗೋಳು. ಪ್ರತಿಕಾಯ ಬಳಸುವ ಇಮ್ಯುನೊಅಸ್ಸೇ ಪರೀಕ್ಷೆ ಮೆಟಾಬೊಲೈಟ್‌ಗಳನ್ನೂ (ದೇಹದಲ್ಲಿ ಔಷಧ ಒಡೆದು ಆಗುವ ವಸ್ತುಗಳು) ಎಣಿಸಿ, ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿಗಿಂತ ಸಾಮಾನ್ಯವಾಗಿ ಹೆಚ್ಚು ತೋರಿಸುತ್ತದೆ.

ಕಾಲಗಣನೆ 12ನೇ ತಿಂಗಳಿಂದ. 12ನೇ ತಿಂಗಳವರೆಗೆ ಕಸಿ ಉಳಿದವರಷ್ಟೇ ಪಟ್ಟಿಯಲ್ಲಿರುವುದರಿಂದ, ಕಸಿಯ ದಿನದಿಂದಲೇ ಎಣಿಸಿದರೆ ಮೊದಲ ವರ್ಷ ಯಾರೂ ವಿಫಲರಾಗದಂತೆ ಕಾಣುತ್ತದೆ.

ಸಿಕ್ಕಿಕೊಂಡಿರುವುದು ಇಲ್ಲಿ:

1. ಕಿಡ್ನಿ ಕೆಲಸ ಮಾಡುತ್ತಿರುವಾಗಲೇ ತೀರಿಕೊಂಡವರನ್ನು ಸೆನ್ಸರ್ ಮಾಡಿದರೆ (ಆ ದಿನಕ್ಕೆ ಲೆಕ್ಕ ನಿಲ್ಲಿಸಿದರೆ) ಕಪ್ಲಾನ್-ಮೈಯರ್ ವಿಧಾನ ವೈಫಲ್ಯವನ್ನು ಹೆಚ್ಚಾಗಿ ತೋರಿಸುತ್ತದೆ. ಕಾರಣದ ಪ್ರಶ್ನೆಗೆ ಕಾಸ್-ಸ್ಪೆಸಿಫಿಕ್ ಕಾಕ್ಸ್ (ಕಸಿ ವೈಫಲ್ಯವನ್ನೂ ಸಾವನ್ನೂ ಬೇರೆಬೇರೆಯಾಗಿ ನೋಡುವ ಮಾದರಿ) ಸರಿ ಎನಿಸಿದೆ. ಜೊತೆಗೆ, ಸಾವಿನ ಸಾಧ್ಯತೆಯನ್ನೂ ಗಣಿಸುವ ಫೈನ್-ಗ್ರೇ ಮಾದರಿ ಕೊಡಬೇಕೇ, ಕ್ಯುಮುಲೇಟಿವ್ ಇನ್ಸಿಡೆನ್ಸ್ ಗ್ರಾಫ್ (ಕಾಲ ಕಳೆದಂತೆ ಒಟ್ಟು ಎಷ್ಟು ಪಾಲು ಕಸಿ ವಿಫಲವಾಯಿತು ಎಂಬ ನಕ್ಷೆ) ಸಾಕೇ?

2. ಊರಿನ ವೈದ್ಯರ ಬಳಿಯೇ ಫಾಲೋಅಪ್ ಮುಂದುವರಿಸಿದವರನ್ನು ಕೊನೆಯ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಅಳೆಯುವ ರಕ್ತಪರೀಕ್ಷೆ) ದಿನಾಂಕಕ್ಕೆ ನಿಲ್ಲಿಸಬೇಕೇ, ಕೊನೆಯ ಫೋನ್ ಸಂಪರ್ಕಕ್ಕೇ? ಬರದೇ ಇರುವವರೇ ಮಾತ್ರೆ ಬಿಟ್ಟವರೂ ಆಗಿರಬಹುದಾದ್ದರಿಂದ ಸೆನ್ಸರಿಂಗ್‌ಗೆ ತೂಕ ಕೊಡುವ ವಿಧಾನ ಬಳಸಿದವರು ದಯವಿಟ್ಟು ತಿಳಿಸಿ.

ಕಾಮೆಂಟ್‌ನಲ್ಲೇ ಉತ್ತರಿಸಬಹುದು. ರೋಗಿಗಳ ಹೆಸರು, ಆಸ್ಪತ್ರೆ ಸಂಖ್ಯೆ ಯಾವುದೂ ಇಲ್ಲದ ಕೋಡ್ ಪಟ್ಟಿ ಬೇಕಿದ್ದವರಿಗೆ ಕಳಿಸುತ್ತೇವೆ.