ಮಗಳನ್ನು ಜೆಂಬೆ ಕ್ಲಾಸಿಗೆ ಸೇರಿಸಬಹುದಾ ಎಂದು ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಮಗಳಿಗೆ ಜೆಂಬೆ ಎಂಬ ಆಫ್ರಿಕನ್ ಡ್ರಮ್ ಮತ್ತು ಅದರ ಡಾನ್ಸ್ ಕಲಿಯುವ ಆಸೆಯಂತೆ. ಊರಿನ ಹಬ್ಬದಲ್ಲಿ ಎಲ್ಲರ ಜೊತೆ ಕುಣಿಯಬೇಕಂತೆ. ಮನೆಯಲ್ಲಿ ಹಿರಿಯರಿಗೆ ಇಷ್ಟವಿಲ್ಲ. ಭರತನಾಟ್ಯ ಅರ್ಧಕ್ಕೆ ನಿಂತುಹೋಗುತ್ತೆ ಅನ್ನೋ ಚಿಂತೆ ಬೇರೆ. ಜೊತೆಗೆ, ನಾವು ಹೋಗಿ ಅದನ್ನು ಕುಣಿದರೆ ಇಲ್ಲಿನ ಆಫ್ರಿಕನ್ ಅಮೆರಿಕನ್ನರಿಗೆ ಬೇಜಾರಾಗುತ್ತಾ ಅನ್ನೋ ಅಳುಕು.

ಉತ್ತರ ಕೊಟ್ಟವರಲ್ಲಿ "ಸೇರಿಸಿ, ಮಕ್ಕಳಿಗೆ ಒಳ್ಳೆ ವ್ಯಾಯಾಮ" ಎಂದವರೇ ಜಾಸ್ತಿ. ಅಷ್ಟಕ್ಕೇ ಬಿಡಲು ನನಗೆ ಮನಸ್ಸಾಗಲಿಲ್ಲ. ನಮ್ಮ ಮಗಳು ಎರಡು ವರ್ಷದಿಂದ ಇದನ್ನು ಕಲಿಯುತ್ತಿದ್ದಾಳೆ. ಅವಳಿಗೀಗ ಹನ್ನೊಂದು. ಈ ಜೂನ್‌ನಲ್ಲಿ ಜೂನ್‌ಟೀನ್ತ್ ಹಬ್ಬಕ್ಕೆ (ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬ) ಪಾರ್ಕಿನಲ್ಲಿ ತಂಡದ ಜೊತೆ ಕುಣಿದಳು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಡರಮ್‌ನಲ್ಲಿ. ಈ ಕುಣಿತ ಈ ಊರಿಗೆ ಹೊಸದಲ್ಲ. ಚಕ್ ಡೇವಿಸ್ ಎಂಬ ದೊಡ್ಡ ನೃತ್ಯಗಾರರು ಪಕ್ಕದ ರಾಲಿಯಲ್ಲೇ ಹುಟ್ಟಿದವರು. 1977ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಾನ್ಸ್‌ಆಫ್ರಿಕಾ ಎಂಬ ಹಬ್ಬ ಶುರು ಮಾಡಿದರು. ಆಮೇಲೆ ಡರಮ್‌ಗೆ ಬಂದು ಇಲ್ಲೊಂದು ತಂಡ ಕಟ್ಟಿದರು. 2017ರಲ್ಲಿ ತೀರಿಕೊಂಡರು. ಅವರು ವೇದಿಕೆಗೆ ಬಂದವರೇ ಜನರತ್ತ "ಆಗೋ!" ಎಂದು ಕೂಗುತ್ತಿದ್ದರು. ಜನ "ಆಮೇ!" ಎನ್ನಬೇಕು. ಘಾನಾ ಕಡೆಯ ಮಾತು ಅದು. ಒಳಗೆ ಬರಲಾ ಎಂದು ಕೇಳಿದ ಹಾಗೆ, ಬನ್ನಿ, ಕೇಳಿಸಿಕೊಳ್ಳುತ್ತಿದ್ದೇವೆ ಎಂದ ಹಾಗೆ. ನಮ್ಮ ಮಗಳು ಈಗ ಅಜ್ಜಿಯ ಕೋಣೆಯ ಬಾಗಿಲು ತಟ್ಟಿ "ಆಗೋ" ಎನ್ನುತ್ತಾಳೆ. ಒಳಗಿನಿಂದ ಅಜ್ಜಿ "ಆಮೇ, ಬಾ ಮಗಾ" ಎನ್ನುತ್ತಾರೆ.

ಆದರೆ ಆ ಅಜ್ಜಿ ಮೊದಲು ಹೀಗಿರಲಿಲ್ಲ. ಬಾಡಿಗೆಗೆ ತಂದ ಜೆಂಬೆಯನ್ನು ಮೊದಲ ದಿನ ಮನೆಯೊಳಗೆ ಇಟ್ಟಾಗ ನಮ್ಮ ಆಯಿ (ನಮ್ಮ ಕಡೆ ಅಮ್ಮನಿಗೆ ಆಯಿ ಎನ್ನುತ್ತೇವೆ) ದೂರದಿಂದಲೇ ನೋಡಿದರು. ಮೇಕೆ ಚರ್ಮ. ಅಂಚಿನಲ್ಲಿ ಸಣ್ಣ ಸಣ್ಣ ಕೂದಲು ಇನ್ನೂ ಉಳಿದಿತ್ತು. ವಾಸನೆಯೂ ಇತ್ತು. "ಇದು ಚರ್ಮ ಅಲ್ವಾ? ಮನೆಯೊಳಗೆ ಯಾಕೆ?" ಎಂದರು. ಆಯಿಯ ಅಪ್ಪ, ನಮ್ಮಜ್ಜ, ಯಕ್ಷಗಾನದ ಮದ್ದಳೆ ಬಾರಿಸುತ್ತಿದ್ದವರು. ನಾನು ಕೇಳಿದೆ, "ಮದ್ದಳೆಗೂ ಚರ್ಮವೇ ಅಲ್ವಾ ಆಯಿ? ಅಜ್ಜ ಅದನ್ನ ದೇವರ ಕೋಣೆ ಪಕ್ಕದಲ್ಲೇ ಇಡ್ತಿದ್ರಲ್ಲ?" ಆಯಿ ಏನೂ ಹೇಳಲಿಲ್ಲ. ಸಂಜೆ ನೋಡಿದರೆ ಜೆಂಬೆಯ ಕೆಳಗೆ ಒಂದು ಹಳೆಯ ಪಂಚೆ ಮಡಚಿ ಹಾಸಿದ್ದರು.

ಭರತನಾಟ್ಯ ನಿಲ್ಲುತ್ತೆ ಅನ್ನೋ ಭಯದ ಬಗ್ಗೆ ಹೇಳುತ್ತೇನೆ. ನಿಲ್ಲಲಿಲ್ಲ. ಆದರೆ ಮೊದಲ ಮೂರು ತಿಂಗಳು ಒದ್ದಾಟವಿತ್ತು. ಭರತನಾಟ್ಯದ ಅರೆಮಂಡಿಯಲ್ಲಿ, ಅಂದರೆ ಅರ್ಧ ಕೂತ ನಿಲುವಿನಲ್ಲಿ, ಬೆನ್ನು ನೆಟ್ಟಗಿರಬೇಕು. ಈ ಆಫ್ರಿಕನ್ ಕುಣಿತದಲ್ಲಿ ಮಂಡಿ ಬಗ್ಗಿಸಿ, ಬೆನ್ನನ್ನು ಮುಂದಕ್ಕೆ ಬಾಗಿಸಿ, ಎದೆ ಭುಜ ಎಲ್ಲ ಸಡಿಲ ಬಿಡಬೇಕು. ಇವಳು ಬೆನ್ನು ಬಾಗಿಸಲಾಗದೆ ಕಂಬದ ಹಾಗೆ ನಿಂತಿರುತ್ತಿದ್ದಳು. ಟೀಚರ್ ಅವಳ ಬೆನ್ನ ಮೇಲೆ ಅಂಗೈ ಇಟ್ಟು, "ನೆಲದ ಜೊತೆ ಮಾತಾಡು, ಚಾವಣಿ ಜೊತೆ ಅಲ್ಲ" ಎಂದರು. ಆಮೇಲೆ ಬಂತು. ತಾಳದ ವಿಷಯದಲ್ಲಿ ಮಾತ್ರ ಅವಳಿಗೆ ಕಷ್ಟವೇ ಆಗಲಿಲ್ಲ. ಜೆಂಬೆಯಲ್ಲಿ ಮುಖ್ಯ ನಾದ ಮೂರು. ನಡುವೆ ಇಡೀ ಅಂಗೈ ಬಿದ್ದರೆ ಗುಮ್ಮೆನ್ನುವ ದಪ್ಪ ನಾದ. ಅಂಚಿನಲ್ಲಿ ಬೆರಳು ಜೋಡಿಸಿ ಹೊಡೆದರೆ ದುಂಡು ನಾದ. ಬೆರಳು ಬಿಡಿಸಿ ಚಿಮ್ಮಿದರೆ ಚಟ್ಟೆನ್ನುವ ನಾದ. ನೈಜೀರಿಯಾದ ಡ್ರಮ್ ವಾದಕ ಬಾಬಾತುಂಡೆ ಒಲಾತುಂಜಿ ಅಮೆರಿಕದಲ್ಲಿ ಇದನ್ನು ಬಾಯಲ್ಲಿ ಹೇಳಿಸಿ ಕಲಿಸಿದರು: ಗುನ್ ದುನ್, ಗೋ ದೋ, ಪಾ ತಾ. ತಕಿಟ ತಕಧಿಮಿ ಹೇಳಿ ಬೆಳೆದ ಮಕ್ಕಳಿಗೆ ಇದು ಬೇರೆ ಊರಿನ ಮಾತು ಅನಿಸುವುದೇ ಇಲ್ಲ.

ಇನ್ನೊಂದು ವಿಷಯ ನನಗೆ ತುಂಬ ಇಷ್ಟವಾಯಿತು. ಹೆಜ್ಜೆ ಯಾವಾಗ ಬದಲಿಸಬೇಕು ಎಂದು ಕುಣಿಯುವವರು ಎಣಿಸುತ್ತಾ ಕೂರುವುದಿಲ್ಲ. ಮುಖ್ಯ ಜೆಂಬೆಯವರು ಒಂದು ಗತ್ತು ಹೊಡೆಯುತ್ತಾರೆ. ಅದಕ್ಕೆ ಬ್ರೇಕ್ ಎನ್ನುತ್ತಾರೆ. ಅದು ಕಿವಿಗೆ ಬಿದ್ದ ಕೂಡಲೇ ಇಡೀ ಸಾಲು ಒಂದೇ ಸಲ ಹೊಸ ಹೆಜ್ಜೆಗೆ ತಿರುಗಬೇಕು. ಚಂಡೆ ಮದ್ದಳೆಯ ನುಡಿ ಕೇಳಿಯೇ ವೇಷಧಾರಿಗೆ ಮುಕ್ತಾಯ ಬಂತು ಎಂದು ತಿಳಿಯುವುದಿಲ್ಲವೇ, ಹಾಗೆ. ಮಗಳಿಗೆ ಮೊದಲೆಲ್ಲ ಪಕ್ಕದವರನ್ನು ನೋಡಿ ಹೆಜ್ಜೆ ಹಾಕುವ ಅಭ್ಯಾಸ. ಈಗ ಕಿವಿ ಕೊಡುತ್ತಾಳೆ. ಮನೆಯಲ್ಲಿ ನಾವು ಹೇಳಿದ್ದಕ್ಕೂ ಹಾಗೇ ಕಿವಿ ಕೊಡುತ್ತಾಳಾ ಎಂದು ಕೇಳಬೇಡಿ, ಅದಕ್ಕೆ ಬೇರೆ ಚರ್ಚೆ ಬೇಕು!

ಈಗ ಎರಡನೇ ಪ್ರಶ್ನೆ. ಅವರಿಗೆ ಬೇಜಾರಾಗುತ್ತಾ?

ನಾನು ಟೀಚರ್‌ಗೆ ನೇರವಾಗಿ ಕೇಳಿದೆ. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮಕ್ಕಳೆಲ್ಲ ಅವರನ್ನು "ಮಾಮಾ" ಎನ್ನುತ್ತಾರೆ. ಇಲ್ಲಿ ಅದು ತಾಯಿಯಂಥವರಿಗೆ ಹೇಳುವ ಮಾತು. ಅವರು ಹೇಳಿದ್ದು ಇಷ್ಟೇ: "ಕಲಿಯೋಕೆ ಬಂದವರಿಗೆ ಬಾಗಿಲು ತೆರೆದಿದೆ. ಆದರೆ ಆಫ್ರಿಕನ್ ಡ್ರಮ್ ಅಂತ ಒಂದಿಲ್ಲ. ಯಾರ ತಾಳ, ಯಾವ ಊರಿನದು, ಯಾವಾಗ ಹೊಡೀತಾರೆ, ಇದನ್ನ ಹೇಳೋಕೆ ಬರದಿದ್ದರೆ ವೇದಿಕೆ ಹತ್ತಿಸಲ್ಲ." ಹತ್ತಿಸುವುದೂ ಇಲ್ಲ. ಜೆಂಬೆ ಪಶ್ಚಿಮ ಆಫ್ರಿಕಾದ್ದು. ಮಾಲಿ, ಗಿನಿ ಕಡೆಯ ಮಾಂಡೆ ಜನರದ್ದು. ಒಂದೇ ಮರದ ದಿಮ್ಮಿ ಕೊರೆದು ಮಾಡುತ್ತಾರೆ. ಜೊತೆಗೆ ಕೋಲಿನಿಂದ ಹೊಡೆಯುವ ಮೂರು ಡುನುನ್ ಇರುತ್ತವೆ: ಕೆಂಕೆನಿ, ಸಾಂಗ್‌ಬಾನ್, ಡುನುನ್‌ಬಾ. ಗಿನಿ 1958ರಲ್ಲಿ ಸ್ವತಂತ್ರವಾದ ಮೇಲೆ ಅಲ್ಲಿನ ತಂಡಗಳು ದೇಶದೇಶ ಸುತ್ತಿದವು. ಜೆಂಬೆ ಲೋಕಕ್ಕೆಲ್ಲ ಗೊತ್ತಾಗಿದ್ದು ಹಾಗೆ. ಮಗಳ ತಂಡ ಈ ಸಲ ಕುಣಿದದ್ದು ಕುಕು. ಗಿನಿಯ ಕಾಡು ಸೀಮೆಯ ತಾಳ. ಹೆಂಗಸರು ಮೀನು ಹಿಡಿದು ಬುಟ್ಟಿ ಹೊತ್ತು ಮನೆಗೆ ಬರುವಾಗ ಕುಣಿಯುತ್ತಿದ್ದದ್ದು. ಇಷ್ಟನ್ನೂ ಇವಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ.

ಜೂನ್‌ಟೀನ್ತ್ ಏನು ಎಂದು ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಬಂಡೆದ್ದ ದಕ್ಷಿಣದ ರಾಜ್ಯಗಳ ಗುಲಾಮರಿಗೆ ಬಿಡುಗಡೆ ಎಂದು ಅಧ್ಯಕ್ಷ ಲಿಂಕನ್ ಘೋಷಿಸಿದ್ದು 1863ರ ಜನವರಿ 1ಕ್ಕೆ. ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಸೇನೆ ಬಿಡುಗಡೆಯ ಆದೇಶ ಸಾರಿದ್ದು 1865ರ ಜೂನ್ 19ಕ್ಕೆ. ಎರಡೂವರೆ ವರ್ಷ ತಡ. ದೇಶಕ್ಕೆಲ್ಲ ಸರ್ಕಾರಿ ರಜೆಯಾಗಿದ್ದು 2021ರಲ್ಲಿ. ನಮ್ಮ ಪಕ್ಕದ ಸೌತ್ ಕ್ಯಾರೊಲೈನಾದಲ್ಲಿ 1739ರಲ್ಲಿ ಗುಲಾಮರು ದಂಗೆ ಎದ್ದಾಗ ಡ್ರಮ್ ಬಾರಿಸುತ್ತಾ ಹೊರಟಿದ್ದರು. ಮರು ವರ್ಷವೇ ಗುಲಾಮರು ಡ್ರಮ್ ಇಟ್ಟುಕೊಳ್ಳಬಾರದು, ಬಾರಿಸಬಾರದು ಎಂದು ಕಾನೂನು ಬಂತು. ಹಬ್ಬದ ದಿನ ಪಾರ್ಕಿನಲ್ಲಿ ಮೊದಲ ಪೆಟ್ಟು ಬಿದ್ದಾಗ ಮುಂದಿನ ಕುರ್ಚಿಯಲ್ಲಿದ್ದ ಒಬ್ಬ ಅಜ್ಜಿ ಕಣ್ಣು ಒರೆಸಿಕೊಂಡರು. ಮಗಳು ಆಮೇಲೆ ಕೇಳಿದಳು, ಕುಣಿತ ನೋಡಿ ಯಾಕೆ ಅತ್ತರು ಅಂತ. ಹೇಳಲು ಆ ಕಾನೂನಿನ ಕತೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂದಿದ್ದರೆ ಏನು ಹೇಳುತ್ತಿದ್ದೆನೋ.

ಆ ದಿನ ಟೀಚರ್ ತಮ್ಮ ಸಮುದಾಯದ ಮಕ್ಕಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಇವಳು ಎರಡನೇ ಸಾಲು. ನಮ್ಮವರೇ ಒಬ್ಬರು, "ಇಷ್ಟು ಚೆನ್ನಾಗಿ ಕುಣಿಯೋಳು, ಹಿಂದೆ ಯಾಕೆ? ನೀವು ಕೇಳಬೇಕಿತ್ತು" ಎಂದರು. ನನಗೆ ಹಾಗನಿಸಲಿಲ್ಲ. ಅದು ಅವರ ಮನೆಯ ಹಬ್ಬ. ನೆಂಟರ ಮನೆ ಮದುವೆಗೆ ಹೋಗಿ ನಾವು ಧಾರೆಗೆ ನಿಲ್ಲುತ್ತೇವಾ?

ನಿಜವಾಗಿ ನನ್ನ ಮನಸ್ಸಿಗೆ ನೋವಾದದ್ದು ಬೇರೆ ಕಡೆ. ಕೆಲವು ವರ್ಷದ ಹಿಂದೆ ನಮ್ಮವರದೇ ಒಂದು ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೋಗಿದ್ದೆವು. ಯಾವ ಊರು, ಯಾವ ಕೂಟ ಅಂತ ಹೇಳುವುದು ಬೇಡ. ಅಲ್ಲಿ ಸಣ್ಣ ಮಕ್ಕಳಿಂದ "ಕಾಡು ಜನರ ಡಾನ್ಸ್" ಎಂದು ಒಂದು ಐಟಂ ಮಾಡಿಸಿದರು. ಮುಖಕ್ಕೆ ಕಪ್ಪು ಬಣ್ಣ, ಸೊಂಟಕ್ಕೆ ಹುಲ್ಲು, ಕೈಯಲ್ಲಿ ಥರ್ಮಾಕೋಲ್ ಈಟಿ. ಹಿಂದೆ ಯಾವುದೋ ಸಿನಿಮಾ ಹಾಡು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ಮಕ್ಕಳ ತಪ್ಪು ಏನೂ ಇಲ್ಲ. ಆದರೆ ಸೋಮವಾರ ಅದೇ ಮಕ್ಕಳು ಶಾಲೆಯಲ್ಲಿ ಕೂರುವುದು ಯಾರ ಪಕ್ಕ? ಆ ಫೋಟೋ ಅವರ ಗೆಳೆಯರು ನೋಡಿದರೆ? ದಯವಿಟ್ಟು, ಈ ಗುಂಪಿನಲ್ಲಿ ಸಾಂಸ್ಕೃತಿಕ ಸಮಿತಿಯವರು ಯಾರಾದರೂ ಇದ್ದರೆ, ಈ ಬಣ್ಣ ಬಳಿಯುವುದನ್ನು ನಿಲ್ಲಿಸಿ. ಇದನ್ನು ಕೈಮುಗಿದು ಕೇಳುತ್ತೇನೆ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇದು. ನಾನು ಹುಟ್ಟಿದ್ದು ಯಲ್ಲಾಪುರದ ಹತ್ತಿರ. ನಮ್ಮ ತೋಟದ ಅಡಿಕೆ ಗೊನೆ ಕೊಯ್ಲಿಗೆ ಸಿದ್ದಿಯರು ಬರುತ್ತಿದ್ದರು. ಆಫ್ರಿಕಾದಿಂದ ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು, ಅವರ ಮಕ್ಕಳು ಮೊಮ್ಮಕ್ಕಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಎಲ್ಲ ಕಡೆ ಇದ್ದಾರೆ. ಹಿಂದೂಗಳು, ಮುಸ್ಲಿಮರು, ಕ್ರಿಶ್ಚಿಯನ್ನರು ಎಲ್ಲರೂ ಇದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು, ಸಿದ್ದಿಯರಲ್ಲಿ ಮೊದಲಿಗರು. ನಮ್ಮ ಮನೆಯಲ್ಲಿ ಅವರಿಗೆ ಊಟ ಬಡಿಸುತ್ತಿದ್ದದ್ದು ಅಂಗಳದ ತುದಿಯಲ್ಲಿ. ಅವರ ಡಮಾಮಿ ಕುಣಿತವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನಾಲ್ಕು ಮೈಲಿ ಆಚೆಗೆ ನಡೆಯುತ್ತಿತ್ತು.

ಮಗಳು ಕ್ಲಾಸಿನಲ್ಲಿ ಕೇಳಿಸಿಕೊಂಡು ಬಂದು ಒಂದು ದಿನ ಕೇಳಿದಳು, "ಅಮ್ಮಾ, ಇಂಡಿಯಾದಲ್ಲೂ ಆಫ್ರಿಕಾದಿಂದ ಬಂದವರಿದ್ದಾರಂತೆ. ನಿಂಗೆ ಯಾರಾದ್ರೂ ಗೊತ್ತಾ?" ಗೊತ್ತು ಎಂದೆ. "ಅವರ ಡ್ರಮ್ ಹೇಗಿರುತ್ತೆ?" ಅದು ಗೊತ್ತಿರಲಿಲ್ಲ. ಆಯಿಯೇ ಹೇಳಿದರು, ಉದ್ದಕ್ಕೆ ಅಡ್ಡ ಹಿಡಿದು ಎರಡೂ ಕಡೆ ಹೊಡೆಯುತ್ತಾರೆ ಅಂತ. ಆಯಿಗೆ ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಹಾಡಿನ ಎರಡು ಸಾಲು ಕೂಡ ನೆನಪಿತ್ತು. ಇಷ್ಟು ವರ್ಷ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಜೆಂಬೆಗೂ ಸಿದ್ದಿಯರಿಗೂ ನೇರ ನಂಟಿಲ್ಲ, ಒಂದು ಪಶ್ಚಿಮ ತೀರದ್ದು, ಇವರ ಹಿರಿಯರಲ್ಲಿ ಬಹಳ ಜನ ಪೂರ್ವ ತೀರದ ಕಡೆಯವರು. ಅದನ್ನೂ ಮಗಳಿಗೆ ಹೇಳಿದೆ. ಆದರೂ ಅವಳಿಗೆ ನೋಡಲೇಬೇಕಂತೆ. ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತಿದ್ದೇವೆ. ಆಯಿ ಈಗಾಗಲೇ ಫೋನ್ ಮಾಡಿ, ಆ ತೋಟದವರ ಮೊಮ್ಮಗಳ ಹತ್ತಿರ ಮಾತಾಡಿದ್ದಾರೆ. "ಬನ್ನಿ, ನಮ್ಮನೆಗೇ ಊಟಕ್ಕೆ ಬನ್ನಿ" ಎಂದಿದ್ದಾರೆ ಅವರು. ಹೋಗುತ್ತೇವೆ.

ಕೊನೆಗೆ ಕೆಲಸಕ್ಕೆ ಬರುವ ಒಂದೆರಡು ಮಾತು. ಮೊದಲೇ ಜೆಂಬೆ ಕೊಳ್ಳಬೇಡಿ, ಬಾಡಿಗೆಗೆ ಸಿಗುತ್ತೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡಲೇಬೇಡಿ. ಹೋದ ಜುಲೈನಲ್ಲಿ ನಾನು ಅರ್ಧ ಗಂಟೆ ಬಿಟ್ಟು ಅಂಗಡಿಗೆ ಹೋಗಿದ್ದೆ, ಬಂದು ನೋಡಿದರೆ ಚರ್ಮ ಈ ತುದಿಯಿಂದ ಆ ತುದಿಗೆ ಸೀಳಿತ್ತು. ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗುತ್ತೆ. ನಮ್ಮಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ಲ, ಇದಕ್ಕೆ ಹಗ್ಗ ಬಿಗಿದು ಸರಿ ಮಾಡುತ್ತಾರೆ, ಅದನ್ನು ಟೀಚರ್‌ಗೇ ಬಿಡಿ. ಕೂತು ಬಾರಿಸುವಾಗ ಜೆಂಬೆಯನ್ನು ಮಂಡಿ ನಡುವೆ ಸ್ವಲ್ಪ ಮುಂದಕ್ಕೆ ವಾಲಿಸಬೇಕು. ಕೆಳಗಿನ ತೆರೆದ ಬಾಯಿ ನೆಲಕ್ಕೆ ಮುಚ್ಚಿಹೋದರೆ ದಪ್ಪ ನಾದ ಹೊರಗೆ ಬರುವುದಿಲ್ಲ. ಕುಣಿಯುವಾಗ ಸೊಂಟಕ್ಕೆ ಸುತ್ತುವ ಬಟ್ಟೆಗೆ ಲಪ್ಪಾ ಎನ್ನುತ್ತಾರೆ, ಒಳಗೆ ಲೆಗ್ಗಿಂಗ್ಸ್ ಹಾಕಿಸಿ. ಕುಣಿತ ಮುಗಿದ ಮೇಲೆ ಬಾರಿಸಿದವರ ಮುಂದೆ ಹೋಗಿ ಬಾಗಿ ನೆಲ ಮುಟ್ಟುವ ಪದ್ಧತಿ ಇದೆ. ಅದು ನಿಮ್ಮ ಮಗಳಿಗೆ ಹೇಳಿಕೊಡುವುದೇ ಬೇಡ, ರಂಗಕ್ಕೆ ನಮಸ್ಕಾರ ಮಾಡಿ ಗೊತ್ತಲ್ಲ.

ಡರಮ್, ರಾಲಿ ಸುತ್ತಮುತ್ತ ಇರುವವರಾದರೆ ನನಗೆ ಮೆಸೇಜ್ ಮಾಡಿ. ಶನಿವಾರ ಬೆಳಿಗ್ಗೆ ನಮ್ಮ ಜೊತೆಗೇ ಬರಬಹುದು, ಮೊದಲ ಕ್ಲಾಸ್ ಸುಮ್ನೆ ಕೂತು ನೋಡಲು ಬಿಡುತ್ತಾರೆ. ಮಗಳ ಬಳೆ, ಉಂಗುರ ಮನೆಯಲ್ಲೇ ಬಿಟ್ಟು ಬನ್ನಿ. ಅಜ್ಜಿಯನ್ನೂ ಕರೆತನ್ನಿ, ನಮ್ಮ ಆಯಿಗೂ ಜೊತೆಯಾಗುತ್ತೆ.